ಸುರಗಿ ಮೊಗ್ಗು ‘ನಾಗಕೇಸರ’ವಾದ ಬಗೆ

ಯುಗಾದಿ ಹತ್ತಿರವಾಗುವ ಹೊತ್ತಿಗೆ ಕೊಪ್ಪ, ಶೃಂಗೇರಿ ಕಡೆ ಸುರಗಿ ಅರಳುತ್ತದೆ. ಒಣಗಿದರೂ ಪರಿಮಳ ಕಳೆದುಕೊಳ್ಳದ ಹೂವಿದು. ಮುಡಿದು ತೆಗೆದ ದಂಡೆಯನ್ನು ಸೀರೆಗಳ ನಡುವೆ ಇಡುವುದು ಅದಕ್ಕೇ. ಇದರ ಮೊಗ್ಗು ಒಣಗಿ ಗ್ರಂಧಿಗೆ ಅಂಗಡಿ ಸೇರಿದರೆ ಮಾತ್ರ ಹೆಸರೇ ಬದಲಾಗಿ ನಾಗಕೇಸರವಾಗುತ್ತದೆ. ಆಯುರ್ವೇದದ ನಾಗಕೇಸರ ಬೇರೆ ಮರದ್ದು, ಅದು ನಾಗಸಂಪಿಗೆ.

ಸುರಗಿಯ ‘ಸುರ’ವನ್ನು ಕೆಲವರು ದೇವತೆ ಎಂದೂ ಕೆಲವರು ‘ಸುರಭಿ’ಯ ತುಂಡೆಂದೂ ಬಿಡಿಸುತ್ತಾರೆ. ಸಂಸ್ಕೃತದಲ್ಲಿ ಇದು ಸುರಪುನ್ನಾಗ. ಬರೀ ಪುನ್ನಾಗ ಎಂದರೆ ಎಣ್ಣೆ ತೆಗೆಯುವ ಸುರಹೊನ್ನೆ. ತಮಿಳಿನ ಪುನ್ನೈ, ತೆಲುಗಿನ ಪೊನ್ನ, ನಮ್ಮ ಹೊನ್ನೆ ಒಂದೇ ಬೇರಿನ ಮಾತುಗಳು. ಹಳಗನ್ನಡದ ಪಕಾರ ಹಕಾರವಾಗಿದೆ. ಸಕಲೇಶಪುರದ ಕಡೆ ಹೊನ್ನೆ ಎಂದರೆ ಕೆತ್ತಿದರೆ ಕೆಂಪು ರಸ ಸುರಿಸುವ ನಾಟಾ ಮರ, ಅದಕ್ಕೂ ಇವಕ್ಕೂ ಸಂಬಂಧವಿಲ್ಲ.

1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಸಸ್ಯವಿಜ್ಞಾನಿ ಫ್ರಾನ್ಸಿಸ್ ಬುಕಾನನ್ ಸುರಗಿಯ ವೈಜ್ಞಾನಿಕ ಹೆಸರಿನಲ್ಲಿ ಕನ್ನಡದ ಹೆಸರನ್ನೇ ಉಳಿಸಿಕೊಂಡ. 1832ರಲ್ಲಿ ಅಚ್ಚಾದ ಸಸ್ಯವಿಜ್ಞಾನಿ ರಾಕ್ಸ್‌ಬರ್ಗ್‌ನ ಗ್ರಂಥದಲ್ಲಿ ಅದು ಕ್ಯಾಲೊಫಿಲಮ್ ಸುರಿಗ, ಅಂದರೆ ಸುರಹೊನ್ನೆಯ ಕುಲಕ್ಕೇ ಸೇರಿತು. ಮುಂದೆ ಓಕ್ರೊಕಾರ್ಪಸ್ ಲಾಂಗಿಫೋಲಿಯಸ್ ಆಗಿ, ಈಗ ಮಾಮಿಯ ಸುರಿಗ. ಕುಲ ಪದೇ ಪದೇ ಬದಲಾದರೂ ‘ಸುರಿಗ’ ಮರಳಿ ಬಂದಿರುವುದು ನಮಗೆ ಸಂತೋಷದ ಸಂಗತಿ.

ಗೊಂದಲವನ್ನು ‘ಕೇಸರ’ ಎಂಬ ಮಾತೇ ಬಿಡಿಸುತ್ತದೆ. ಕೇಸರ ಎಂದರೆ ಹೂವಿನ ನಡುವಿನ ಎಳೆ. ಪೊಟ್ಟಣದಲ್ಲಿ ಹಳದಿ ಎಳೆಗಳಿದ್ದರೆ ನಾಗಸಂಪಿಗೆ ಇರಬಹುದು. ತೊಟ್ಟಿನ ಸಮೇತ ಕೆಂಗಂದು ಬಣ್ಣದ ಗುಂಡು ಮೊಗ್ಗಿದ್ದರೆ ಸುರಗಿ. ಅನುಮಾನವಿದ್ದರೆ ಮೊಗ್ಗನ್ನು ಬಿಸಿನೀರಲ್ಲಿ ನೆನೆಸಿ ಉಗುರಿನಿಂದ ಬಿಡಿಸಿ ನೋಡಬೇಕು. ಹೊರಗಿನ ಪುಷ್ಪಪತ್ರ ಎರಡು ಹೋಳಾಗಿ ಸೀಳಿದರೆ ಸುರಗಿ, ಒಂದರ ಮೇಲೊಂದು ಕೂತ ನಾಲ್ಕಿದ್ದರೆ ನಾಗಸಂಪಿಗೆ. ‘ಕಪ್ಪು ನಾಗಕೇಸರ’ ಎಂದು ಮಾರುವುದು ಮೊಗ್ಗೇ ಅಲ್ಲ, ಕಾಡು ದಾಲ್ಚಿನ್ನಿಯ ಎಳೆಗಾಯಿ. ಬುಡದಲ್ಲಿ ಪುಟ್ಟ ಬಟ್ಟಲಿದೆ, ಜಜ್ಜಿದರೆ ಚಕ್ಕೆಯ ವಾಸನೆ.

ಹೆಸರು ತಪ್ಪಿದ್ದರ ಭಾರ ಬಿದ್ದಿರುವುದು ಸುರಗಿ ಮರದ ಮೇಲೆ. ಮೊಗ್ಗನ್ನು ಬಿರಿಯುವ ಮುಂಚೆ ಕೊಯ್ಯಬೇಕು. ಬಿರಿದರೆ ಎಸಳು ಉದುರಿ ಮಾಲು ಕೆಡುತ್ತದೆ. ಚಾಪೆಯ ಮೇಲೆ ತೆಳುವಾಗಿ ಹರಡಬೇಕು. ರಾಶಿ ಹಾಕಿದರೆ, ಇಲ್ಲವೇ ಕಾಫಿ ತೋಟದವರು ಕಾಯುವ ಹೂಮಳೆಗೆ ಸಿಕ್ಕಿದರೆ, ಬೂಷ್ಟು ಹಿಡಿದು ಕಪ್ಪಾಗುತ್ತದೆ. ಈ ಅವಸರದಲ್ಲೇ ಕೊಂಬೆ ಕಡಿದು ಕೆಳಗೆ ಕೂತು ಬಿಡಿಸುವ ರೂಢಿ ಬಂತು. ಸುರಗಿ ಹೂ ಬಿಡುವುದು ಚಿಗುರಲ್ಲಲ್ಲ, ಎಲೆ ಉದುರಿದ ಹಳೆ ಕೊಂಬೆಯ ಗಂಟುಗಳಲ್ಲಿ. ಕಡಿದ ಕೊಂಬೆ ಮತ್ತೆ ಬಲಿತು ಮೊಗ್ಗು ಕಟ್ಟಲು ವರ್ಷಗಳೇ ಬೇಕು. ಕೆಲವು ಮರಗಳಲ್ಲಿ ಗಂಡು ಹೂ ಮಾತ್ರ. ಕಾಯಿ ಕಟ್ಟುವ ಮರದ ಮೊಗ್ಗನ್ನೂ ಬರಿದು ಮಾಡಿದರೆ ಬೀಜವಿಲ್ಲ, ಬುಡದಲ್ಲಿ ಸಸಿಯೂ ಇಲ್ಲ.

ಮಾರಾಟದ ಚೀಟಿಯಲ್ಲಿ ‘ನಾಗಕೇಸರ’ ಎಂದೇ ಬರೆದರೆ ಯಾವ ಮರದಿಂದ ಎಷ್ಟು ಹೋಯಿತೆಂಬ ಲೆಕ್ಕ ಸಿಗದು. ‘ಸುರಗಿ ಮೊಗ್ಗು’ ಎಂದು ಬರೆಯಲು ಅಡ್ಡಿಯೇನೂ ಇಲ್ಲ. ಕೊಯ್ಯುವವರು, ಮಾರುವವರು ಮನೆಯಲ್ಲಿ ಕರೆಯುವುದೂ ಹಾಗೆಯೇ.