"ನಂಗೂ ಅದೇ ಕೊಡಿ": ಏನು ಕುಡಿಯಬೇಕೆಂದು ತೀರ್ಮಾನಿಸುವವರು ಯಾರು?

ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ತರಗತಿ ಮುಗಿಸಿ ಐದು ಜನ ಸರಸ್ವತಿಪುರಂ ಕಡೆಯ ಒಂದು ಹೋಟೆಲಿಗೆ ಹೋಗಿದ್ದೆವು. ಡಿಸೆಂಬರ್ ಸಂಜೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿದ್ದದ್ದು ಬಿಸಿ ಬಾದಾಮಿ ಹಾಲು. ಸಪ್ಲೈಯರ್ ಬಂದು "ಏನ್ ಕೊಡ್ಲಿ?" ಎಂದರು. ಮೂಲೆಯಲ್ಲಿ ಕೂತವನು ಕಾಫಿ ಎಂದ. ಪಕ್ಕದವಳೂ ಕಾಫಿ ಎಂದಳು. ಮೂರನೆಯವನು ಬೆರಳು ಎತ್ತಿ ತೋರಿಸಿದ. ನನ್ನ ಸರದಿ ಬಂದಾಗ ಬಾಯಿಂದ ಹೊರಟದ್ದು "ನಂಗೂ ಅದೇ ಕೊಡಿ". ಹಾಸ್ಟೆಲ್ಲಿಗೆ ನಡೆದು ಬರುವಾಗ ಯಾಕೆ ಕಾಫಿ ಕುಡಿದೆ ಎಂದು ಯೋಚಿಸಿದರೆ ತಟ್ಟನೆ ಸಿಕ್ಕ ಉತ್ತರ: "ಚಳಿ ಇತ್ತಲ್ಲ." ಬಾದಾಮಿ ಹಾಲೂ ಬಿಸಿಯಾಗಿಯೇ ಇರುತ್ತಿತ್ತು!

ಮನೋವಿಜ್ಞಾನದ ಪರೀಕ್ಷೆಗೆ ಓದುತ್ತಿರುವ ನಿಮಗಾಗಿ ಈ ಟಿಪ್ಪಣಿ ಬರೆಯಲು ಆ ಸಂಜೆಯೇ ಕಾರಣ. ಏನು ಕುಡಿಯುತ್ತೇವೆ ಎಂಬುದನ್ನು ಹವೆ, ಮೂಡು, ಜೊತೆಗಿರುವವರು ಈ ಮೂರೂ ತಿದ್ದುತ್ತವೆ. ಹವೆ ಮತ್ತು ಮೂಡನ್ನು ನಾವು ಕೂಡಲೇ ಹೆಸರಿಸುತ್ತೇವೆ. ಜೊತೆಗಿದ್ದವರನ್ನು ಮಾತ್ರ ಹೆಸರಿಸುವುದೇ ಇಲ್ಲ. ನನ್ನ ಓದಿನ ಮಟ್ಟಿಗೆ ಮೂರರಲ್ಲಿ ಹೆಚ್ಚು ಬಲವಾದದ್ದು ಅದೇ.

ಆಧಾರವಾಗಿ ನೆನಪಿಡಬೇಕಾದದ್ದು ಮನೋವಿಜ್ಞಾನಿ ಕರ್ಟ್ ಲೆವಿನ್ 1936ರಲ್ಲಿ ಕೊಟ್ಟ ಸೂತ್ರ. ಒಬ್ಬರ ವರ್ತನೆ ಆ ವ್ಯಕ್ತಿಯನ್ನೂ ಅವರಿರುವ ಪರಿಸರವನ್ನೂ ಒಟ್ಟಿಗೆ ಅವಲಂಬಿಸಿರುತ್ತದೆ. "ನನಗೆ ಕಾಫಿ ಇಷ್ಟ" ಎನ್ನುವುದು ಸೂತ್ರದ ಅರ್ಧ ಭಾಗ ಮಾತ್ರ. ಉಳಿದರ್ಧ ಮೇಜಿನ ಸುತ್ತ ಕೂತಿರುತ್ತದೆ.

ಮೊದಲು ಹವೆ. ಬೆವರಿ ನೀರು ಕಳೆದಂತೆ ರಕ್ತದಲ್ಲಿ ಉಪ್ಪಿನಂಶದ ಸಾಂದ್ರತೆ ಏರುತ್ತದೆ. ಶೇ. 1–2ರಷ್ಟು ಏರಿದರೂ ಸಾಕು, ಮೆದುಳಿನ ಹೈಪೋಥಲಾಮಸ್ ಭಾಗ ಅದನ್ನು ಗುರುತಿಸಿ ಬಾಯಾರಿಕೆ ಹುಟ್ಟಿಸುತ್ತದೆ. ಆದರೆ ಬಾಯಾರಿಕೆ ಕೇಳುವುದು ನೀರನ್ನು. ಅದು ಎಳನೀರಾಗಬೇಕೋ, ಪಾನಕವಾಗಬೇಕೋ, ಕಬ್ಬಿನ ಹಾಲಾಗಬೇಕೋ ಎಂದು ದೇಹ ಹೇಳುವುದಿಲ್ಲ. ಮದ್ದೂರಿನ ಹತ್ತಿರ ಬಸ್ ನಿಂತಾಗ ಕೈ ಎಳನೀರಿನ ಕಡೆಗೇ ಹೋಗುತ್ತದೆ. ಆ ಊರಿನ ಎಳನೀರು ಮಾರುಕಟ್ಟೆ ಹೆಸರುವಾಸಿ, ರಸ್ತೆಬದಿಯಲ್ಲಿ ಕಾಯಿ ರಾಶಿ ಬಿದ್ದಿರುತ್ತದೆ. ಕಣ್ಣಿಗೆ ಬಿದ್ದದ್ದು ಬಾಯಾರಿಕೆಗೆ ಹೆಸರು ಕೊಡುತ್ತದೆ.

ನಾಲಿಗೆಯ ವಿಷಯ ಇನ್ನೂ ಸ್ವಾರಸ್ಯ. ಟಿಆರ್‌ಪಿಎಂ8 ಎಂಬ ಗ್ರಾಹಕ (ನರದ ತುದಿಯಲ್ಲಿದ್ದು ಸಂವೇದನೆ ಹಿಡಿಯುವ ಪ್ರೋಟೀನ್) ತಂಪನ್ನು ಗುರುತಿಸುತ್ತದೆ, ಪುದೀನದ ಮೆಂಥಾಲ್ ತಾಗಿದರೂ ಅದೇ ಎಚ್ಚರವಾಗುತ್ತದೆ. ಟಿಆರ್‌ಪಿವಿ1 ಎಂಬುದು ಸುಮಾರು 43 ಡಿಗ್ರಿ ದಾಟಿದ ಬಿಸಿಗೂ ಮೆಣಸಿನಕಾಯಿಯ ಖಾರಕ್ಕೂ ಒಂದೇ ರೀತಿ ಸ್ಪಂದಿಸುತ್ತದೆ. ಇಂಥ ಗ್ರಾಹಕಗಳ ಶೋಧಕ್ಕೆ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್ ಬಂತು. ಇದನ್ನು ಓದಿದ ಮೇಲೆ ರಾಮನವಮಿಯ ನೀರು ಮಜ್ಜಿಗೆ ನನಗೆ ಬೇರೆಯಾಗಿಯೇ ಕಾಣುತ್ತದೆ. ಮಡಕೆಯ ತಂಪು, ಹಸಿಮೆಣಸಿನ ಖಾರ, ಶುಂಠಿ: ಒಂದೇ ಗುಟುಕಿನಲ್ಲಿ ನಾಲಿಗೆಗೆ ತಂಪಿನ ಸುದ್ದಿಯೂ ಬಿಸಿಯ ಸುದ್ದಿಯೂ ಹೋಗುತ್ತದೆ. ಬೆವರಿನಲ್ಲಿ ಹೋದ ಉಪ್ಪಿನಲ್ಲಿ ಸ್ವಲ್ಪ ವಾಪಸ್ಸೂ ಬರುತ್ತದೆ.

ಮಂಡ್ಯ ಹತ್ತಿರದ ಊರಿನಲ್ಲಿ ನಮ್ಮಜ್ಜಿ ಏಪ್ರಿಲ್ ಮಧ್ಯಾಹ್ನವೂ ಹೊಗೆಯಾಡುವ ಕಾಫಿ ಕುಡಿಯುತ್ತಿದ್ದರು. "ಬಿಸ್ಲಿಗೆ ಬಿಸೀದೇ ಒಳ್ಳೇದು ಕಣ್ ಮಗ" ಎನ್ನುತ್ತಿದ್ದರು. ನಾನು ನಂಬಿರಲಿಲ್ಲ. ಒಟ್ಟಾವ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸೈಕಲ್ ತುಳಿಯುತ್ತಿದ್ದವರಿಗೆ 1.5, 10, 37 ಮತ್ತು 50 ಡಿಗ್ರಿಯ ನೀರು ಕೊಟ್ಟು ನೋಡಿದರು. 50 ಡಿಗ್ರಿಯ ನೀರು ಕುಡಿದಾಗ ದೇಹದಲ್ಲಿ ಉಳಿದ ಶಾಖ ಕಡಿಮೆ. ಬಿಸಿ ನೀರು ದೇಹಕ್ಕೆ ಸೇರಿಸುವ ಶಾಖಕ್ಕಿಂತ, ಅದರಿಂದ ಹೆಚ್ಚುವ ಬೆವರು ಆರುವಾಗ ಹೊತ್ತೊಯ್ಯುವ ಶಾಖ ಜಾಸ್ತಿ. ಷರತ್ತು ಒಂದಿದೆ: ಬೆವರು ಪೂರ್ತಿ ಆರಬೇಕು. ನಮ್ಮ ಮೈಸೂರು–ಮಂಡ್ಯದ ಒಣ ಬಿಸಿಲಿನಲ್ಲಿ, ಜಗುಲಿಯ ಗಾಳಿಯಲ್ಲಿ ಅದು ಆರುತ್ತದೆ. ಮಂಗಳೂರಿನ ಜಿಗುಟು ಸೆಖೆಯಲ್ಲಿ ಬೆವರು ಮೈಮೇಲೇ ನಿಲ್ಲುತ್ತದೆ, ಅಲ್ಲಿ ಅಜ್ಜಿಯ ಮಾತು ನಡೆಯದು. ಉತ್ತರ ಬರೆಯುವಾಗ ಈ ಷರತ್ತನ್ನು ಬಿಡಬೇಡಿ.

ಮೂಡಿನ ಬಗ್ಗೆ ಎಚ್ಚರದಿಂದ ಬರೆಯಬೇಕು. ಶ್ವಾರ್ಜ್ ಮತ್ತು ಕ್ಲೋರ್ ಎಂಬ ಮನೋವಿಜ್ಞಾನಿಗಳು 1983ರಲ್ಲಿ ಜನರಿಗೆ ಫೋನ್ ಮಾಡಿ ಬದುಕು ಎಷ್ಟು ತೃಪ್ತಿಯಾಗಿದೆ ಎಂದು ಕೇಳಿದರು. ಬಿಸಿಲಿದ್ದ ದಿನಕ್ಕಿಂತ ಮಳೆಯ ದಿನ ಉತ್ತರಗಳು ಸಪ್ಪೆಯಾಗಿದ್ದವು. ಆದರೆ ಮೊದಲು "ನಿಮ್ಮ ಕಡೆ ಹವೆ ಹೇಗಿದೆ?" ಎಂದು ಕೇಳಿ ಆಮೇಲೆ ಪ್ರಶ್ನೆ ಹಾಕಿದರೆ ಮಳೆಯ ಪರಿಣಾಮ ಕಾಣೆಯಾಯಿತು. ಬೇಸರದ ಮೂಲ ಮಳೆ ಎಂದು ಗೊತ್ತಾದ ಕೂಡಲೇ ಅದನ್ನು ಬದುಕಿನ ಲೆಕ್ಕಕ್ಕೆ ಸೇರಿಸುವುದನ್ನು ಜನ ನಿಲ್ಲಿಸಿದರು. "ಮೂಡ್ ಸರಿಯಿಲ್ಲ, ಒಂದು ಕಾಫಿ ಬೇಕು" ಎನ್ನುವಾಗಲೂ ಇದನ್ನು ಕೇಳಿಕೊಳ್ಳಬಹುದು: ಮೂಡು ಸರಿಯಿಲ್ಲವೋ, ಬರೀ ನಿದ್ದೆ ಸಾಲದೋ? ಆಯಾಸದ ಸೂಚನೆ ಕೊಡುವ ಅಡೆನೊಸಿನ್‌ನ ಜಾಗದಲ್ಲಿ ಕೆಫೀನ್ ಹೋಗಿ ಕೂರುತ್ತದೆ. ಆಯಾಸ ಹೋಗುವುದಿಲ್ಲ, ಅದರ ಸುದ್ದಿ ತಲುಪುವುದಿಲ್ಲ ಅಷ್ಟೆ.

ಬಿಸಿ ಕಾಫಿ ಲೋಟ ಹಿಡಿದವರಿಗೆ ಎದುರಿನವರು ಹೆಚ್ಚು ಆತ್ಮೀಯರಾಗಿ ಕಾಣುತ್ತಾರೆ ಎಂಬ 2008ರ ವಿಲಿಯಮ್ಸ್–ಬಾರ್ಗ್ ಪ್ರಯೋಗವನ್ನು ಎಲ್ಲ ನೋಟ್ಸಿನಲ್ಲೂ ನೋಡಿರುತ್ತೀರಿ. ಅದನ್ನು ದೊಡ್ಡ ಗುಂಪುಗಳ ಮೇಲೆ ಮತ್ತೆ ಮಾಡಿದಾಗ ಆ ಫಲಿತಾಂಶ ಸಿಗಲಿಲ್ಲ. ಸಾಬೀತಾದ ಸತ್ಯ ಎಂಬಂತೆ ಬರೆದರೆ ತಪ್ಪಾಗುತ್ತದೆ.

ಇನ್ನು ಜೊತೆ. 1951ರ ಸಾಲಮನ್ ಆಶ್ ಪ್ರಯೋಗ ಎಲ್ಲರಿಗೂ ಗೊತ್ತು: ಗೆರೆಗಳ ಉದ್ದ ಹೇಳುವಾಗ ಮುಂಚಿನವರೆಲ್ಲ ಬೇಕೆಂದೇ ತಪ್ಪು ಹೇಳಿದರೆ, ಸುಮಾರು ಮೂರನೇ ಒಂದು ಭಾಗ ಉತ್ತರಗಳು ಆ ತಪ್ಪಿನ ಕಡೆಗೇ ವಾಲಿದವು. ಉತ್ತರವನ್ನು ಗುಟ್ಟಾಗಿ ಬರೆದುಕೊಡಿ ಎಂದಾಗ ಈ ವಾಲುವಿಕೆ ಬಹಳ ಇಳಿಯಿತು. ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು ಡಾನ್ ಏರಿಯೆಲಿ ಮತ್ತು ಜೊನಾಥನ್ ಲೆವಾವ್ 2000ದಲ್ಲಿ ಪ್ರಕಟಿಸಿದ್ದು. ಅಮೆರಿಕದಲ್ಲಿ ಒಂದೇ ಮೇಜಿನ ಗೆಳೆಯರಿಗೆ ಬಿಯರ್ ಕೊಡುವಾಗ ಕೆಲವರಿಂದ ಬಾಯಿಮಾತಿನಲ್ಲಿ ಸರದಿಯಂತೆ, ಕೆಲವರಿಂದ ಚೀಟಿಯಲ್ಲಿ ಆರ್ಡರ್ ತೆಗೆದುಕೊಂಡರು. ಬಾಯಲ್ಲಿ ಹೇಳಿದವರು ಮುಂಚಿನವರಿಗಿಂತ ಬೇರೆಯದನ್ನೇ ಆರಿಸತೊಡಗಿದರು, ಕುಡಿದ ಮೇಲೆ ಅಷ್ಟು ಖುಷಿಪಡಲಿಲ್ಲ. ಮೊದಲು ಹೇಳಿದವರಿಗೆ ಮಾತ್ರ ಈ ನಷ್ಟ ಇರಲಿಲ್ಲ. ಹಾಂಗ್‌ಕಾಂಗ್‌ನಲ್ಲಿ ಇಂಥದೇ ಪ್ರಯೋಗ ಮಾಡಿದಾಗ ಜನ ಮುಂಚಿನವರದ್ದನ್ನೇ ಆರಿಸಿದರು. ದಿಕ್ಕು ಉಲ್ಟಾ ಆದರೂ ಎರಡು ಕಡೆಯೂ ಸ್ವಂತ ಆಸೆ ಪಕ್ಕಕ್ಕೆ ಸರಿಯಿತು. ನಮ್ಮ ಐದು ಕಾಫಿಯ ಮೇಜು ಯಾವ ಕಡೆಗೆ ಸೇರುತ್ತದೆ ಎಂದು ಹೇಳಬೇಕಿಲ್ಲ.

ಡಾಯ್ಚ್ ಮತ್ತು ಜೆರಾರ್ಡ್ 1955ರಲ್ಲಿ ಗುಂಪಿಗೆ ಹೊಂದಿಕೊಳ್ಳುವುದಕ್ಕೆ ಎರಡು ಕಾರಣ ಬೇರೆಮಾಡಿದರು. ಗೊತ್ತಿಲ್ಲದ ಊರಿನಲ್ಲಿ ಎರಡು ಕಬ್ಬಿನ ಹಾಲಿನ ಗಾಡಿ ನಿಂತಿದ್ದರೆ ಜನ ಮುಗಿಬಿದ್ದ ಕಡೆಗೇ ಹೋಗುತ್ತೇವೆ. ಜಲ್ಲೆಯನ್ನು ಮಡಚಿ, ನಡುವೆ ನಿಂಬೆಹಣ್ಣು ಮತ್ತು ಶುಂಠಿ ಇಟ್ಟು, ಗಾಲಿಯ ಗೆಜ್ಜೆ ಘಲ್ ಎನ್ನುವಂತೆ ಮತ್ತೆ ಮತ್ತೆ ಅರೆಯುತ್ತಿರುತ್ತಾರೆ. ಅಲ್ಲಿ ಗುಂಪು ಎಂದರೆ ಮಾಹಿತಿ: ಹಾಲು ಈಗಷ್ಟೇ ಹಿಂಡಿದ್ದು. ಇದು ಮಾಹಿತಿಗಾಗಿ ಹೊಂದಿಕೊಳ್ಳುವುದು. ಹೋಟೆಲ್ ಮೇಜಿನಲ್ಲಿ ಯಾರ ಕಾಫಿಯೂ ನನಗೆ ಹೊಸ ಸುದ್ದಿ ಕೊಡಲಿಲ್ಲ. ಬೇರೆಯಾಗಿ ಕಾಣಬಾರದು ಎನ್ನುವುದಷ್ಟೇ ಇತ್ತು. ಇದು ಒಪ್ಪಿಗೆಗಾಗಿ ಹೊಂದಿಕೊಳ್ಳುವುದು.

ಪುಸ್ತಕದಲ್ಲಿ ಸಿಗದ ಮೂರನೆಯ ಕಾರಣವೊಂದು ನಮ್ಮ ಮನೆಗಳಲ್ಲಿದೆ ಎಂದು ನನಗೆ ಅನ್ನಿಸುತ್ತದೆ. "ಕಾಫಿನೋ ಟೀನೋ?" ಎಂದರೆ ನೆಂಟರು "ಏನ್ ಮಾಡ್ತಿದ್ದೀರೋ ಅದೇ ಸಾಕು, ನಮಗೋಸ್ಕರ ಬೇರೆ ಇಡ್ಬೇಡಿ" ಎನ್ನುತ್ತಾರೆ. ಒಲೆಯ ಮೇಲೆ ಎರಡನೇ ಪಾತ್ರೆ ಇಡುವುದು ತಪ್ಪಲಿ ಎಂಬ ಕಾಳಜಿ ಅದು. ಎರಡು ಲೋಟಕ್ಕೆ ಹಂಚುವ ಬೈಟು ಕಾಫಿಯೂ ಹಾಗೆಯೇ, ಪಾನೀಯಕ್ಕಿಂತ ಜೊತೆ ಮುಖ್ಯ. ಇದನ್ನು ಬರೀ ಗುಂಪಿನ ಒತ್ತಡ ಎಂದು ಬರೆದರೆ ವಿಷಯ ಕೆಡುತ್ತದೆ.

ಹೋದ ತಿಂಗಳು ನಾವು ಐವರೂ ಹೋಟೆಲ್ ಮೆಟ್ಟಿಲು ಹತ್ತುವ ಮೊದಲು ಬಸ್ ಟಿಕೆಟ್ಟಿನ ಹಿಂದೆ ಬೇಕಾದದ್ದನ್ನು ಬರೆದು ಮಡಚಿಟ್ಟೆವು. ಐದು ಜನರ ಒಂದು ಸಂಜೆಯಿಂದ ಏನೂ ಸಾಬೀತಾಗುವುದಿಲ್ಲ. ಬಿಚ್ಚಿದಾಗ ಎರಡು ಕಾಫಿ, ನನ್ನ ಬಾದಾಮಿ ಹಾಲು, ಒಂದು ಲೆಮನ್ ಟೀ. ಐದನೆಯದು ಬಿಸಿನೀರು. ಎರಡು ವರ್ಷದಿಂದ ನಮ್ಮ ಜೊತೆ ಸಂಜೆ ಆರಕ್ಕೆ ಕಾಫಿ ಕುಡಿದವನ ಚೀಟಿ ಅದು. "ಸಂಜೆ ಕುಡಿದ್ರೆ ರಾತ್ರಿ ನಿದ್ದೆ ಬರಲ್ಲ ಕಣೋ, ಹೇಳೋಕೆ ಒಂಥರಾ ಆಗ್ತಿತ್ತು" ಎಂದ. ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು, ರಾತ್ರಿ ಹನ್ನೊಂದಕ್ಕೂ ಅವನ ಮೈಯಲ್ಲಿ ಅರ್ಧ ಲೋಟ ಉಳಿದಿರುತ್ತಿತ್ತು. ಈಗ ನಮ್ಮ ಮೇಜಿನ ಆರ್ಡರ್ ಅವನಿಂದಲೇ ಶುರುವಾಗುತ್ತದೆ.