ಮಳೆ ಬಂದ ಮರುದಿನ ಮಧುಗಿರಿ ಬೆಟ್ಟ ಹತ್ತಬಹುದೇ?

ಓದುಗರ ಪ್ರಶ್ನೆ: ಅಕ್ಟೋಬರ್ ತಿಂಗಳ ಒಂದು ಭಾನುವಾರ ಗೆಳೆಯರೆಲ್ಲ ಸೇರಿ ಮಧುಗಿರಿ ಬೆಟ್ಟಕ್ಕೆ ಚಾರಣ ಹೋಗಬೇಕೆಂದಿದ್ದೇವೆ. ಹಿಂದಿನ ದಿನ ಮಳೆ ಸುರಿದು, ಭಾನುವಾರ ಬೆಳಿಗ್ಗೆ ಬಿಸಿಲು ಬಂದರೆ ಹತ್ತಬಹುದೇ ಅಥವಾ ಮುಂದೂಡುವುದು ಒಳ್ಳೆಯದೇ?

ಉತ್ತರ: ಬಂಡೆ ಒಣಗಿದ್ದರೆ ಹತ್ತಬಹುದು. ಆದರೆ ಆಕಾಶ ತಿಳಿಯಾದ ಮಾತ್ರಕ್ಕೆ ಬಂಡೆ ಒಣಗಿತೆಂದು ಭಾವಿಸಬಾರದು. ಈ ಎರಡಕ್ಕೂ ನಡುವೆ ಕೆಲವೊಮ್ಮೆ ಎರಡು ಮೂರು ದಿನಗಳ ಅಂತರವಿರುತ್ತದೆ.

ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರದಲ್ಲಿರುವ ಮಧುಗಿರಿಯ ಮೇಲ್ಭಾಗದ ಬಹುಪಾಲು ಬೋಳು ಬಂಡೆ. ರಾಮನಗರದ ಹಳೆಯ ಹೆಸರಿನ ಮೇಲೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ, ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದಾದ ಶಿಲಾಪಟ್ಟಿಗೆ ಇದು ಸೇರಿದೆ. ಈ ಕಲ್ಲು ನೀರನ್ನು ಹೀರಿಕೊಳ್ಳುವುದು ಅತ್ಯಲ್ಪವಾದ್ದರಿಂದ ಬಿದ್ದ ಮಳೆಯ ಬಹುಭಾಗ ಕೂಡಲೇ ಹರಿದುಹೋಗುತ್ತದೆ. ಬಿಸಿಲಿಗೆ ಬಿದ್ದ ಹಾಸುಬಂಡೆ ಒಂದೆರಡು ಗಂಟೆಯಲ್ಲಿ ಒಣಗುವುದೂ ಉಂಟು. ತೊಂದರೆ ಇರುವುದು ಉಳಿದ ನೀರಿನಲ್ಲಿ. ಕಾಲಾಂತರದಲ್ಲಿ ಬಂಡೆಯ ಮೇಲ್ಪದರಗಳು ಈರುಳ್ಳಿಯ ಸಿಪ್ಪೆಯಂತೆ ಎದ್ದು ಬಿರುಕು ಬಿಟ್ಟಿರುತ್ತವೆ. ಆ ಬಿರುಕುಗಳಲ್ಲಿ, ಹುಲ್ಲು ಬೆಳೆದ ಮಣ್ಣಿನ ತುಣುಕುಗಳಲ್ಲಿ ಮತ್ತು ಬೆಟ್ಟದ ಮೇಲಿನ ಕೋಟೆಯ ದೊಣೆಗಳಲ್ಲಿ, ಅಂದರೆ ಬಂಡೆಯಲ್ಲಿನ ನೀರಿನ ಹೊಂಡಗಳಲ್ಲಿ, ನಿಂತ ನೀರು ಮಳೆ ನಿಂತ ಬಳಿಕವೂ ಸಣ್ಣ ಒಸರಾಗಿ ಇಳಿಜಾರಿನ ಮೇಲೆ ಇಳಿಯುತ್ತಲೇ ಇರುತ್ತದೆ.

ಈ ನೀರಿನ ದಾರಿ ಎಲ್ಲಿದೆ ಎಂಬುದನ್ನು ಬಂಡೆಯೇ ತೋರಿಸಿಕೊಡುತ್ತದೆ. ಬೂದು ಬಣ್ಣದ ಮೈಮೇಲೆ ಮೇಲಿಂದ ಕೆಳಕ್ಕೆ ಎಳೆದಂತೆ ಕಾಣುವ ಕಪ್ಪು ಪಟ್ಟೆಗಳನ್ನು ಗಮನಿಸಿ. ಮಳೆಗಾಲದಲ್ಲಿ ನೀರು ಹರಿಯುವ ಜಾಡುಗಳವು. ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಾಣದ ಪಾಚಿಯಂಥ ಜೀವಿಗಳು ಅಲ್ಲಿ ನೆಲೆಸಿ ಕಲ್ಲಿಗೆ ಕಪ್ಪು ಬಣ್ಣ ತಂದಿವೆ. ಬೇಸಿಗೆಯಲ್ಲಿ ಆ ಪಟ್ಟೆ ಒಣಗಿ ಒರಟಾಗಿರುವುದರಿಂದ ಅದರ ಮೇಲೆ ನಿಶ್ಚಿಂತೆಯಿಂದ ನಡೆಯಬಹುದು. ನೀರು ತಾಗಿದೊಡನೆ ಅದೇ ಜಾಗ ಲೋಳೆಗಟ್ಟಿ, ಎಷ್ಟೇ ಒಳ್ಳೆಯ ಬೂಟು ಹಾಕಿದ್ದರೂ ಕಾಲು ನಿಲ್ಲುವುದಿಲ್ಲ. ಕಪ್ಪು ಪಟ್ಟೆ ಬಿಸಿಲಿಗೆ ಹೊಳೆಯುತ್ತಿದ್ದರೆ ಅದನ್ನು ದಾಟುವ ಆಲೋಚನೆಯನ್ನೇ ಬಿಡಿ. ಕಾಲಿಡಲೆಂದು ಬಂಡೆಯಲ್ಲೇ ಕಡಿದ ಕಚ್ಚುಗಳಲ್ಲೂ ನೀರು ನಿಂತಿರುತ್ತದೆ ಎಂಬುದನ್ನು ನೆನಪಿಡಿ.

ಹತ್ತುವಾಗ ಈ ಅಪಾಯ ಅಷ್ಟಾಗಿ ಅರಿವಿಗೆ ಬರುವುದಿಲ್ಲ, ಏಕೆಂದರೆ ಮೈ ಮುಂದಕ್ಕೆ ಬಾಗಿರುತ್ತದೆ, ಕೈಗಳೂ ಬಂಡೆಗೆ ಹತ್ತಿರವಿರುತ್ತವೆ. ನಿಜವಾದ ಪರೀಕ್ಷೆ ಇಳಿಯುವಾಗ. ಆದ್ದರಿಂದ ಮೊದಲ ಕಡಿದಾದ ಇಳಿಜಾರು ಸಿಕ್ಕಾಗ ಹತ್ತು ಹೆಜ್ಜೆ ಏರಿ, ಅಲ್ಲಿಂದ ಹಾಗೆಯೇ ಇಳಿದು ನೋಡಿ. ಆ ಹತ್ತು ಹೆಜ್ಜೆಯಲ್ಲಿ ಅಂಗಾಲು ಒಮ್ಮೆ ಜಾರಿದರೂ ಅಂದಿನ ಮಟ್ಟಿಗೆ ಹಿಂದಿರುಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಇಳಿಯುವಾಗ ಹೆದರಿ ಹಿಂದಕ್ಕೆ ಒರಗುವುದು ಸಹಜವಾದರೂ ಅದರಿಂದಲೇ ಜಾರುವ ಸಂಭವ ಹೆಚ್ಚು. ಮಂಡಿಯನ್ನು ಸ್ವಲ್ಪ ಮಡಿಸಿ, ಮೈಭಾರ ಪಾದಗಳ ಮೇಲೆಯೇ ಬೀಳುವಂತೆ ನಿಂತು, ಅಂಗಾಲು ಪೂರ್ತಿಯಾಗಿ ಬಂಡೆಗೆ ತಾಗುವಂತೆ ಸಣ್ಣ ಸಣ್ಣ ಹೆಜ್ಜೆ ಇಡಬೇಕು. ತೀರಾ ಕಡಿದಾದ ಕಡೆ ಬಂಡೆಗೆ ಮುಖಮಾಡಿ ಇಳಿಯುವುದೇ ಸರಿ. ಅಟ್ಟೆ ಸವೆದ ಬೂಟು ಮತ್ತು ಚಪ್ಪಲಿ ಈ ಬೆಟ್ಟಕ್ಕೆ ಹೊಂದುವುದಿಲ್ಲ.

ನೀವು ಆರಿಸಿಕೊಂಡ ತಿಂಗಳಿನ ಬಗ್ಗೆಯೂ ಒಂದು ಮಾತು ಹೇಳಬೇಕು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಸೀಮೆಗೆ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳೇ ಹೆಚ್ಚು ಮಳೆ ತರುವವು. ಹಸ್ತ, ಚಿತ್ತೆಯ ಮಳೆಗಳು ಬೆಳಿಗ್ಗೆ ಸುಳಿವೂ ಕೊಡದೆ, ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನೊಡನೆ ಬರುವುದು ಈ ಭಾಗದ ರೈತರಿಗೆಲ್ಲ ಗೊತ್ತಿರುವ ಸಂಗತಿ. ಮರದ ನೆರಳೂ ಇಲ್ಲದ ಎತ್ತರದ ಬೋಳು ಬಂಡೆಯ ಮೇಲೆ ಸಿಡಿಲಿನಿಂದ ರಕ್ಷಣೆ ಎಂಬುದೇ ಇಲ್ಲ. ಸಿಡಿಲು ನೇರವಾಗಿ ಬಡಿಯಬೇಕೆಂದೂ ಇಲ್ಲ. ಹತ್ತಿರದಲ್ಲಿ ಬಿದ್ದರೂ ವಿದ್ಯುತ್ತು ನೆಲದ ಮೇಲೆ ಹರಡಿ ನಿಂತವರನ್ನು ಮುಟ್ಟಬಲ್ಲದು, ಕಬ್ಬಿಣದ ಕಂಬಿ ಅದನ್ನು ದೂರದಿಂದಲೂ ತರಬಲ್ಲದು. ಪಾಳುಬಿದ್ದ ಮಂಟಪ, ಕೋಟೆಯ ಬಾಗಿಲುಗಳ ಕೆಳಗೆ ನಿಂತರೆ ಮಳೆ ತಪ್ಪೀತು, ಸಿಡಿಲು ತಪ್ಪದು. ಬೆಳಕು ಹರಿಯುತ್ತಲೇ ಹೊರಟು, ಮಧ್ಯಾಹ್ನದ ಹೊತ್ತಿಗೆ ಬುಡ ಸೇರುವಂತೆ ಯೋಜಿಸಿಕೊಳ್ಳಿ. ಗುಡುಗು ಕಿವಿಗೆ ಬಿದ್ದರೆ ತುದಿ ಎಷ್ಟೇ ಹತ್ತಿರವಿದ್ದರೂ ಬಂಡೆ ಜಾರದ ದಾರಿಯಲ್ಲಿ ಇಳಿಯಿರಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಮತ್ತೆ ಮೇಲೇರಬೇಡಿ.

ಬಂಡೆಗಳ ಕೋಡುಗಲ್ಲುಗಳಲ್ಲಿ ಹೆಜ್ಜೇನು ಕಟ್ಟಿರುವುದುಂಟು. ಹೊಗೆ, ಗಾಢವಾದ ಸುಗಂಧ, ಗಲಾಟೆಯ ಸದ್ದು ಇವುಗಳಿಂದ ಅವು ಕೆರಳುತ್ತವೆ.

ಶನಿವಾರ ರಾತ್ರಿಯೂ ಮಳೆ ಸುರಿದಿದ್ದರೆ ಗುಂಪಿನ ಉತ್ಸಾಹವನ್ನು ತಣಿಸಬೇಕಿಲ್ಲ, ಬೆಟ್ಟವನ್ನು ಬದಲಿಸಿದರೆ ಸಾಕು. ಕೋಲಾರದ ಅಂತರಗಂಗೆಗೆ ಮೆಟ್ಟಿಲುಗಳ ದಾರಿಯಿದೆ; ದೇವಸ್ಥಾನದವರೆಗೆ ಮೆಟ್ಟಿಲಲ್ಲೇ ಹೋಗಿ, ಅದರಾಚೆಯ ಗುಂಡುಕಲ್ಲುಗಳ ನಡುವಿನ ಗುಹೆಗಳನ್ನು ಮಾತ್ರ ಒಣದಿನಕ್ಕೆ ಬಿಡಿ. ಸೈಕಲ್ಲಿನವರು 1,478 ಮೀಟರ್ ಎತ್ತರದ ನಂದಿಬೆಟ್ಟದ ತಿರುವುಗಳನ್ನು ಏರಬಹುದು, ಇಳಿಯುವಾಗ ಒದ್ದೆ ರಸ್ತೆಯಲ್ಲಿ ತಿರುವಿಗೆ ಮುಂಚೆಯೇ ಬ್ರೇಕು ಹಿಡಿಯಬೇಕು. ನನ್ನನ್ನು ಕೇಳಿದರೆ ಅಂಥ ದಿನಕ್ಕೆ ದೇವರಾಯನದುರ್ಗವೇ ಸೂಕ್ತ. ಮರಗಿಡಗಳಿರುವ ಬೆಟ್ಟ, ದೇವಸ್ಥಾನದವರೆಗೆ ರಸ್ತೆ, ಬುಡದಲ್ಲಿ ನಾಮದ ಚಿಲುಮೆ ಎಂಬ ನೀರಿನ ಬುಗ್ಗೆ. ಜಯಮಂಗಲಿ ನದಿ ಹುಟ್ಟುವ ಆ ಬೆಟ್ಟದ ಹಸಿರನ್ನು ನೋಡಲು ಹಿಂಗಾರಿನ ದಿನಗಳಿಗಿಂತ ಒಳ್ಳೆಯ ಕಾಲವಿಲ್ಲ.