ಬಾಡಿಗೆ ಲೆಕ್ಕ, ಅಡ್ವಾನ್ಸ್ ಸಾಲ

ಸಾಫ್ಟ್‌ವೇರ್ ಕೆಲಸದ ಹುಡುಗನೊಬ್ಬ ಹೋದ ತಿಂಗಳು ನಮ್ಮ ಆಫೀಸಿಗೆ ಬಂದಿದ್ದ. ಬೆಂಗಳೂರಿನ ಅಂಚಿನಲ್ಲಿ 60 ಲಕ್ಷಕ್ಕೆ ಎರಡು ಬೆಡ್‌ರೂಮಿನ ಹಳೇ ಫ್ಲ್ಯಾಟ್ ನೋಡಿದ್ದಾನೆ. ಬಾಡಿಗೆಗೆ ಕೊಡುವ ಯೋಚನೆ. ಮೊಬೈಲಿನಲ್ಲಿ ಲೆಕ್ಕ ತೋರಿಸಿದ. ತಿಂಗಳಿಗೆ 20 ಸಾವಿರ, ವರ್ಷಕ್ಕೆ 2.40 ಲಕ್ಷ, ಅಂದರೆ ಶೇ 4. "ಬೆಲೆನೂ ಏರತ್ತೆ ಸರ್, ಒಳ್ಳೇದೇ ಅಲ್ವಾ?" ಅಂದ.

ಆಡಿಟರ್ ಆಗಿ ನಾನು ಇಂಥ ಲೆಕ್ಕವನ್ನು ವಾರಕ್ಕೊಂದಾದರೂ ನೋಡುತ್ತೇನೆ. ಕೂಡಿದ್ದು, ಗುಣಿಸಿದ್ದು ಎಲ್ಲ ಸರಿ ಇರುತ್ತದೆ. ಕಳೆಯುವುದನ್ನು ಮಾತ್ರ ಮರೆತಿರುತ್ತಾರೆ. ಅವನ ಜೊತೆ ಕೂತು ಕಳೆದೆವು.

ಮೊದಲು ರಿಜಿಸ್ಟ್ರೇಷನ್. ಕರ್ನಾಟಕದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಲ್ಲಿ ಶೇ 1ರಿಂದ 2ಕ್ಕೆ ಏರಿತು. ಶೇ 5 ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು ಸೇರಿದರೆ ಹತ್ತಿರ ಹತ್ತಿರ ಶೇ 7.6. ಅಲ್ಲಿಗೆ ನಾಲ್ಕೂವರೆ ಲಕ್ಷ ಹೋಯಿತು. ಬ್ರೋಕರ್, ಪೇಂಟಿಂಗ್, ಬಚ್ಚಲಿನ ನಲ್ಲಿ, ವೈರಿಂಗ್ ಅಂತ ಇನ್ನೊಂದೂವರೆ ಲಕ್ಷ. 60 ಲಕ್ಷದ ಮನೆ 66 ಲಕ್ಷದ್ದಾಯಿತು. ಇನ್ನು ಬಾಡಿಗೆ ಕಡೆ. ವರ್ಷಕ್ಕೆ ಒಂದು ತಿಂಗಳು ಖಾಲಿ ಅಂತ ಹಿಡಿಯಿರಿ, 2.20 ಲಕ್ಷ. ಆಸ್ತಿ ತೆರಿಗೆ ಅಂದಾಜು 10 ಸಾವಿರ. ಬಾಡಿಗೆಗೆ ಕೊಟ್ಟ ಮನೆಗೆ ಸ್ವಂತ ವಾಸದ ಮನೆಗಿಂತ ದರ ಜಾಸ್ತಿ. ರಿಪೇರಿಗೆ 15 ಸಾವಿರ. ಖಾಲಿ ತಿಂಗಳ ಮೇಂಟೆನೆನ್ಸ್ 3 ಸಾವಿರ, ಅದು ಓನರ್ ತಲೆಗೇ ಬರುತ್ತದೆ. ಉಳಿದದ್ದು 1.92 ಲಕ್ಷ. ಶೇ 4 ಇದ್ದದ್ದು ಶೇ 2.9 ಆಯಿತು.

40 ಲಕ್ಷ ಸಾಲ ಮಾಡುವವನಿದ್ದ. ಶೇ 8 ಬಡ್ಡಿ, 20 ವರ್ಷ ಅಂದರೆ ಕಂತು ಸುಮಾರು 33,450. ಬಾಡಿಗೆ ಪೂರ್ತಿ ಕಟ್ಟಿದರೂ ತಿಂಗಳಿಗೆ ಹದಿಮೂರೂವರೆ ಸಾವಿರ ಸಂಬಳದಿಂದ ಹೋಗಬೇಕು. "ಬಾಡಿಗೆಯಲ್ಲೇ ಕಂತು ಕಟ್ಟಿಕೊಂಡು ಹೋಗ್ತೀನಿ" ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ. ಕೊಳ್ಳಬೇಡಿ ಅಂತ ನಾನು ಹೇಳುತ್ತಿಲ್ಲ. ಆ ಹದಿಮೂರೂವರೆ ಸಾವಿರ ನಿಮಗೆ ಭಾರವಾಗದಿದ್ದರೆ, ಆರು ತಿಂಗಳ ಕಂತು ಕೈಯಲ್ಲಿದ್ದರೆ, ಧಾರಾಳವಾಗಿ ಮುಂದುವರಿಯಿರಿ.

"ಟ್ಯಾಕ್ಸ್ ಉಳಿಯತ್ತಲ್ಲ?" ಅಂತ ಕೇಳುತ್ತಾರೆ. ಹಳೇ ತೆರಿಗೆ ಪದ್ಧತಿಯಲ್ಲಿ ಮನೆಯ ನಷ್ಟವನ್ನು, ಅಂದರೆ ಬಾಡಿಗೆ ಆದಾಯಕ್ಕಿಂತ ಸಾಲದ ಬಡ್ಡಿ ಎಷ್ಟು ಜಾಸ್ತಿಯೋ ಅಷ್ಟನ್ನು, ವರ್ಷಕ್ಕೆ 2 ಲಕ್ಷದವರೆಗೆ ಸಂಬಳದ ಆದಾಯದಲ್ಲಿ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಬಡ್ಡಿಯನ್ನು ಬಾಡಿಗೆ ಆದಾಯದಲ್ಲಿ ಮಾತ್ರ ಕಳೆಯಬಹುದು, ಸಂಬಳಕ್ಕೆ ಆ ನಷ್ಟ ತಾಗುವುದಿಲ್ಲ. ಸಂಬಳದವರಲ್ಲಿ ಬಹಳ ಜನ ಈಗ ಹೊಸ ಪದ್ಧತಿಯಲ್ಲೇ ಇದ್ದಾರೆ. ಆಸ್ತಿ ತೆರಿಗೆ ಕಳೆದ ಮೇಲೆ ಉಳಿದ ಬಾಡಿಗೆಯಲ್ಲಿ ಶೇ 30 ಕಡಿತ ಎರಡೂ ಪದ್ಧತಿಯಲ್ಲಿ ಸಿಗುತ್ತದೆ. ರಿಪೇರಿ ಖರ್ಚೆಲ್ಲ ಅದರೊಳಗೇ ಬಂತು. ಪೇಂಟಿಂಗ್ ಬಿಲ್ಲು ತಂದುಕೊಟ್ಟರೆ ನಾನು ಏನೂ ಮಾಡಲಾರೆ.

ಇನ್ನೊಂದು. ಆಸ್ತಿ ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ತೆರಿಗೆ (ಟಿಡಿಎಸ್) ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದು. ಮಾರುವವರು ವಿದೇಶದಲ್ಲಿ ನೆಲೆಸಿದವರಾದರೆ ಹಿಡಿಯಬೇಕಾದದ್ದು ಇನ್ನೂ ಜಾಸ್ತಿ. ರಿಜಿಸ್ಟ್ರೇಷನ್‌ಗೆ ಮೊದಲೇ ಕೇಳಿ ತಿಳಿದುಕೊಳ್ಳಿ.

ಇಷ್ಟು ಹೇಳಿದರೂ ನನಗೆ ನಿಜವಾಗಿ ಹೆದರಿಕೆ ಇರುವುದು ಅಡ್ವಾನ್ಸ್ ಬಗ್ಗೆ. ಬೆಂಗಳೂರಿನಲ್ಲಿ ಐದಾರು ತಿಂಗಳಿಂದ ಹತ್ತು ತಿಂಗಳವರೆಗೆ ಬಾಡಿಗೆ ಮುಂಗಡ ತೆಗೆದುಕೊಳ್ಳುವ ರೂಢಿ ಇದೆ. ಒಂದೇ ಸಲ ಲಕ್ಷಗಟ್ಟಲೆ ಕೈಗೆ ಬರುತ್ತದೆ. ಸೋಫಾ ಆಗುತ್ತದೆ, ಮಕ್ಕಳ ಫೀಸ್ ಆಗುತ್ತದೆ. ಆದರೆ ಅದು ಸಾಲ. ಬಡ್ಡಿ ಇಲ್ಲ ಅನ್ನುವುದು ಬಿಟ್ಟರೆ ಸಾಲವೇ. ಮನೆ ಖಾಲಿ ಮಾಡಿದ ದಿನ ವಾಪಸ್ ಕೊಡಬೇಕು.

ತಿಂಗಳ ಬಾಡಿಗೆಯ ಬದಲು ಒಂದೇ ಸಲ ದೊಡ್ಡ ಮೊತ್ತ ಪಡೆದು ಮನೆ ಕೊಡುವ ಭೋಗ್ಯ ಇನ್ನೂ ದೊಡ್ಡ ಸಾಲ. ನನ್ನ ಹತ್ತಿರ ಬರುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು 30x40 ಅಡಿ ಸೈಟಿನಲ್ಲಿ ಮೂರಂತಸ್ತು ಕಟ್ಟಿದರು. ಕಂಟ್ರಾಕ್ಟರ್‌ಗೆ ಕೊಡಲು ದುಡ್ಡು ಸಾಲಲಿಲ್ಲ. ಎರಡು ಮನೆಗಳನ್ನು 12 ಲಕ್ಷದಂತೆ ಭೋಗ್ಯಕ್ಕೆ ಹಾಕಿ ಬಾಕಿ ತೀರಿಸಿದರು. ಮೂರು ವರ್ಷ ಬಾಡಿಗೆಯಿಲ್ಲ. ಆಮೇಲೊಂದು ದಿನ ಪ್ಲಾಸ್ಟಿಕ್ ಕವರಿನಲ್ಲಿ ಎರಡು ಕರಾರು ಪತ್ರ ಹಿಡಿದು ಬಂದರು. ಎರಡರಲ್ಲೂ ಅವಧಿ ಮುಗಿಯುವುದು ಒಂದೇ ತಿಂಗಳು. ಎರಡೂ ಮನೆಯವರು ಹೊರಟು ನಿಂತಿದ್ದರು. 24 ಲಕ್ಷ ಬೇಕು. ಅವರು ಊರಿನ ತೋಟದ ಮೇಲೆ ಸಾಲ ತೆಗೆದರು, ಹೆಂಡತಿಯ ಒಡವೆ ಅಡವಿಟ್ಟರು, ಒಂದು ಕುಟುಂಬದ ಕೈಕಾಲು ಹಿಡಿದು ನಾಲ್ಕು ತಿಂಗಳು ಗಡುವು ಪಡೆದರು. ಆ ಬಾಡಿಗೆದಾರರದೂ ಕಷ್ಟವೇ, ಅದು ಅವರ ಜೀವಮಾನದ ಉಳಿತಾಯ. ಅಂದಿನಿಂದ ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಅಡ್ವಾನ್ಸಿಗೆ ಬೇರೆ ಎಫ್‌ಡಿ ಮಾಡಿ. ಬಾಡಿಗೆದಾರರ ಹೆಸರನ್ನು ಆ ರಸೀದಿಯ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಡಿ.

ದಾಖಲೆಗಳ ವಿಷಯ ವಕೀಲರಿಗೆ ಬಿಡಿ, ಅವರ ಫೀಸಿನಲ್ಲಿ ಚೌಕಾಸಿ ಬೇಡ. ಇ-ಖಾತಾ (ಆಸ್ತಿಯ ಡಿಜಿಟಲ್ ಖಾತೆ) ಇಲ್ಲದೆ ಈಗ ರಿಜಿಸ್ಟ್ರೇಷನ್ನೇ ಆಗುವುದಿಲ್ಲ. ಆಸ್ತಿಯ ಮೇಲೆ ಸಾಲ, ಮಾರಾಟದ ನೋಂದಣಿ ಏನಿದೆ ಅಂತ ತೋರಿಸುವ ಇಸಿ (ಋಣಭಾರ ಪ್ರಮಾಣಪತ್ರ) ನೋಡಿ, ಅಪಾರ್ಟ್‌ಮೆಂಟ್ ಆದರೆ ಓಸಿ (ವಾಸಯೋಗ್ಯ ಪ್ರಮಾಣಪತ್ರ) ಕೇಳಿ. ಓಸಿ ಇಲ್ಲದ ಕಟ್ಟಡಗಳ ಬಗ್ಗೆ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬಿಗಿಯಾದ ಆದೇಶ ಕೊಟ್ಟ ಮೇಲೆ ಹೊಸ ಕರೆಂಟು, ನೀರಿನ ಸಂಪರ್ಕಕ್ಕೂ ಸಾಮಾನ್ಯವಾಗಿ ಅದು ಬೇಕಾಗುತ್ತದೆ.

ನೀರು ಅಂದಾಗ ನೆನಪಾಯಿತು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದ ಬಡಾವಣೆಗಳಲ್ಲಿ ಟು-ಲೆಟ್ ಬೋರ್ಡ್ ಎಷ್ಟು ನೇತಾಡುತ್ತಿದ್ದವು! ಮನೆ ನೋಡುವುದಾದರೆ ಏಪ್ರಿಲ್‌ನಲ್ಲಿ ನೋಡಿ. ಬ್ರೋಕರ್‌ನನ್ನು ಬಿಟ್ಟು ವಾಚ್‌ಮನ್ ಹತ್ತಿರ ಮಾತಾಡಿ. ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತದೆ, ಕಾವೇರಿ ನೀರು ವಾರದಲ್ಲಿ ಎಷ್ಟು ದಿನ ಅಂತ ಅವರು ಮುಚ್ಚಿಡದೆ ಹೇಳುತ್ತಾರೆ.

ಒಳ್ಳೆಯ ಬಾಡಿಗೆದಾರರು ಸಿಕ್ಕರೆ ಉಳಿಸಿಕೊಳ್ಳಿ. 11 ತಿಂಗಳ ಕರಾರು ಮುಗಿದಾಗ ಒಂದು ಸಾವಿರ ಜಾಸ್ತಿ ಕೇಳಿ, ಅವರು ಬಿಟ್ಟುಹೋಗಿ ಮನೆ ಒಂದು ತಿಂಗಳು ಖಾಲಿ ಬಿದ್ದರೆ, ಕಳೆದುಕೊಂಡ 20 ಸಾವಿರ ತುಂಬಲು ಇಪ್ಪತ್ತು ತಿಂಗಳು ಬೇಕು. ನಲ್ಲಿ ಸೋರುತ್ತಿದೆ ಅಂತ ಫೋನ್ ಬಂದರೆ ಅದೇ ದಿನ ಪ್ಲಂಬರ್ ಕಳಿಸಿ. ಪೇಂಟಿಂಗ್‌ಗೆ ಅಡ್ವಾನ್ಸಿನಲ್ಲಿ ಎಷ್ಟು ಮುರಿದುಕೊಳ್ಳುತ್ತೀರಿ ಅನ್ನುವುದನ್ನು ಬೀಗದ ಕೈ ಕೊಡುವಾಗಲೇ ಬರೆದುಕೊಡಿ. ಗೋಡೆ, ಬಚ್ಚಲು, ಫ್ಯಾನು ಎಲ್ಲವನ್ನೂ ಅವರೆದುರೇ ಮೊಬೈಲಿನಲ್ಲಿ ವಿಡಿಯೊ ಮಾಡಿ, ಒಂದು ಕಾಪಿ ಅವರಿಗೂ ಕಳಿಸಿ.